ಅಪ್‌ಡೇಟ್: ಮಗಳ ‘ಕ’ ಕೊನೆಗೂ ಬಂತು

ನಾಲ್ಕೂವರೆ ವರ್ಷದ ಮಗಳು ‘ಕಾಗೆ’ಯನ್ನು ‘ತಾದೆ’ ಎನ್ನುತ್ತಾಳೆ, ಮನೆಯಲ್ಲೇ ಏನು ಮಾಡಿಸಬಹುದು ಎಂದು ಆರು ವಾರಗಳ ಹಿಂದೆ ಕೇಳಿದ್ದೆ. ‘ಸರಿಯಾಗಿ ಹೇಳು’ ಎಂದು ಪದೇ ಪದೇ ತಿದ್ದುವ ಸಲಹೆ ನಮಗೆ ಫಲಿಸಲಿಲ್ಲ. ಅವಳು ಮಾತನ್ನೇ ಕಡಿಮೆ ಮಾಡಿದಳು. ಕೈಹಿಡಿದದ್ದು ನಿಮ್ಮಲ್ಲೊಬ್ಬರು ತಿಳಿಸಿದ ಜೋಡಿಪದಗಳ ಆಟ: ‘ಕಾಯಿ–ತಾಯಿ’, ‘ಕಲೆ–ತಲೆ’ ಚಿತ್ರಗಳನ್ನು ಹರಡಿಕೊಂಡು, ಕಾಯಿ ಬೇಕಾದಾಗ ಅವಳು ‘ತಾಯಿ’ ಎಂದರೆ ನಾನು ತಾಯಿಯ ಚಿತ್ರವನ್ನೇ ಕೊಡುತ್ತಿದ್ದೆ (ಆಗ ಅವಳು ಮುಖ ಸಿಂಡರಿಸುವುದನ್ನು ನೋಡಬೇಕಿತ್ತು!). ಅಂಗಾತ ಮಲಗಿದಾಗ ನಾಲಿಗೆ ಹಿಂದಕ್ಕೆ ಸರಿಯುವುದರಿಂದ ‘ಕ’ ಸುಲಭವಾಗಬಹುದೆಂದು ವಾಕ್ ಚಿಕಿತ್ಸಕಿ ವಿಡಿಯೊ ಕರೆಯಲ್ಲಿ ಹೇಳಿದ್ದು ಮಾತ್ರ ನನಗೆ ಅಚ್ಚರಿಯ ಸಂಗತಿ. ಮೊದಲ ಸ್ಪಷ್ಟ ‘ಕ’ ಹೊರಟದ್ದು ಚಾಪೆಯ ಮೇಲೆಯೇ. ‘ಗ’ ಇನ್ನೂ ಬಾಕಿಯಿದೆ, ಸದ್ಯಕ್ಕೆ ಕಾಗೆ ‘ಕಾದೆ’ಯಾಗಿದೆ.