ಬ್ರೆಡ್ ಹಿಟ್ಟು ‘ಹುಳಿ ಬರುತ್ತದೆ’ ಎನ್ನಬಹುದೇ? ಉಬ್ಬು, ಹುದುಗು, ಅರಳು ಪದಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿರುವ ನನ್ನ ಅಕ್ಕ ಮನೆಯಲ್ಲೇ ಬ್ರೆಡ್ ಮಾಡುವ ಯಂತ್ರವೊಂದನ್ನು ಕೊಂಡಿದ್ದಾಳೆ. ಕೈಪಿಡಿಯಲ್ಲಿ ಕನ್ನಡವಿಲ್ಲ. ಅವಳಿಗೂ, ಅವಳನ್ನು ನೋಡಿ ಅದೇ ಯಂತ್ರ ತರಿಸಿಕೊಂಡ ಓಣಿಯವರಿಗೂ ಆಗುವಂತೆ ಕನ್ನಡದಲ್ಲಿ ಎರಡು ಪುಟ ಬರೆದುಕೊಡುತ್ತೇನೆಂದು ಒಪ್ಪಿಕೊಂಡಿದ್ದೇನೆ. ಅಳತೆ, ಪಾಕಗಳನ್ನು ಬರೆಯುವುದು ಸುಲಭ. ತೊಡಕಿರುವುದು ಕ್ರಿಯಾಪದಗಳಲ್ಲಿ.

ಮುಖ್ಯ ಪ್ರಶ್ನೆ ಇದು. ಯೀಸ್ಟ್ ಹಾಕಿದ ಹಿಟ್ಟು ಹಿಗ್ಗುವ ಹಂತಕ್ಕೆ ಏನೆನ್ನಬೇಕು? ನಮ್ಮವರ ಬಾಯಿಗೆ ಮೊದಲು ಬರುವುದು ‘ಹುಳಿ ಬರುವುದು’. ಇಡ್ಲಿ, ದೋಸೆ ಹಿಟ್ಟಿಗೆ ಅದು ಸರಿಯಾಗಿಯೇ ಒಪ್ಪುತ್ತದೆ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಉಬ್ಬಿಯೂ ಇರುತ್ತದೆ, ಹುಳಿಯೂ ಆಗಿರುತ್ತದೆ. ಅಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾಗಳು ಅನಿಲವನ್ನೂ ಆಮ್ಲವನ್ನೂ ಒಟ್ಟೊಟ್ಟಿಗೆ ಹುಟ್ಟಿಸುವುದರಿಂದ ಎರಡಕ್ಕೂ ಒಂದೇ ಮಾತು ಸಾಕು. ಬ್ರೆಡ್ ಯಂತ್ರದ ಪಾತ್ರೆಯಲ್ಲಿ ಹಾಗಲ್ಲ. ಪೊಟ್ಟಣದ ಯೀಸ್ಟ್ ಗಂಟೆ, ಒಂದೂವರೆ ಗಂಟೆಯಲ್ಲಿ ಹಿಟ್ಟನ್ನು ಇಮ್ಮಡಿ ಮಾಡುತ್ತದೆ. ಹುಳಿ ಎನ್ನುವಂಥದ್ದು ಅಷ್ಟರಲ್ಲಿ ಬರುವುದೇ ಇಲ್ಲ.

ಯಂತ್ರಕ್ಕೆ ಅದರದೇ ಗಡಿಯಾರವಿದೆ, ಪದ ಯಾವುದಾದರೇನು ಎನ್ನಬಹುದು. ಪದ ತಪ್ಪಿದರೆ ಬ್ರೆಡ್ಡೂ ಕೆಡುತ್ತದೆ. ‘ಹುಳಿ ಬರಲಿ’ ಎಂದು ಓದಿದವರು ಮುಚ್ಚಳ ತೆರೆದು ಮೂಸಿ ನೋಡುತ್ತಾರೆ. ಹುಳಿ ವಾಸನೆ ಸಿಗದಿದ್ದರೆ ಮುಂದಿನ ಸಲ ಯೀಸ್ಟನ್ನು ಇನ್ನೊಂದು ಚಮಚ ಹಾಕುತ್ತಾರೆ. ಪರಿಣಾಮವಾಗಿ ಹಿಟ್ಟು ಭರದಿಂದ ಮೇಲೇರುತ್ತದೆ, ಬೇಯುವ ಹೊತ್ತಿಗೆ ಅದರ ಕಸುವು ಮುಗಿದಿರುತ್ತದೆ, ಬ್ರೆಡ್ಡಿನ ನೆತ್ತಿ ಗುಳಿ ಬೀಳುತ್ತದೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. 500 ಗ್ರಾಂ ಹಿಟ್ಟಿಗೆ 5 ಗ್ರಾಂ ಒಣ ಯೀಸ್ಟ್, 8ರಿಂದ 10 ಗ್ರಾಂ ಉಪ್ಪು ಧಾರಾಳವಾಯಿತು. ಬೇಸಿಗೆಯಲ್ಲಿ ಯೀಸ್ಟನ್ನು ಇನ್ನಷ್ಟು ತಗ್ಗಿಸಿ ತಣ್ಣೀರು ಹಾಕಬೇಕು, ಏಕೆಂದರೆ ನಾದುವ ಅಲಗಿನ ತಿಕ್ಕಾಟಕ್ಕೇ ಹಿಟ್ಟು ಬಿಸಿಯಾಗುತ್ತದೆ. ಉಪ್ಪು ಬರೀ ರುಚಿಗೆಂದು ತಿಳಿದು ಬಿಟ್ಟುಬಿಡುವವರೂ ಇದ್ದಾರೆ. ಯೀಸ್ಟಿನ ಓಟಕ್ಕೆ ಕಡಿವಾಣ ಹಾಕುವುದೇ ಅದು.

ಹಾಗಾಗಿ ‘ಹುಳಿ’ಯನ್ನು ಈ ಬರಹದಿಂದ ಹೊರಗಿಡಬೇಕು ಎನ್ನುವುದು ನನ್ನ ಅಭಿಪ್ರಾಯ. ಕನ್ನಡ ಬೈಬಲ್ಲಿನಲ್ಲಿ ‘ಹುಳಿಹಿಟ್ಟು’, ‘ಹುಳಿಯಿಲ್ಲದ ರೊಟ್ಟಿ’ ಎಂಬ ಮಾತುಗಳಿವೆಯಲ್ಲ ಎಂದು ಯಾರಾದರೂ ಕೇಳಬಹುದು. ಅಲ್ಲಿ ಅವು ತಕ್ಕ ಮಾತುಗಳೇ. ಹಿಂದಿನ ದಿನದ ಹಿಟ್ಟನ್ನು ಉಳಿಸಿ ಇಂದಿನದಕ್ಕೆ ಸೇರಿಸುತ್ತಿದ್ದ ಕಾಲದ ರೊಟ್ಟಿ ಅದು, ನಿಜಕ್ಕೂ ಹುಳಿಯಾಗಿಯೇ ಇರುತ್ತಿತ್ತು. ಈಗಲೂ ಆ ಬಗೆಯಲ್ಲಿ ಬ್ರೆಡ್ ಮಾಡುವವರಿದ್ದಾರೆ. ‘ಹುಳಿಹಿಟ್ಟು’ ಅವರ ಪಾಲಿಗೇ ಇರಲಿ.

‘ಹುದುಗು’ ಪಠ್ಯಪುಸ್ತಕದವರ ಆಯ್ಕೆ. ಹುದುಗುವಿಕೆ ಎಂದರೆ ವಿಜ್ಞಾನ ಓದಿದವರಿಗೆ ತಿಳಿಯುತ್ತದೆ. ಆದರೆ ಅದೇ ಕ್ರಿಯಾಪದಕ್ಕೆ ಅಡಗು, ಒಳಗೆ ಸೇರಿಕೊಳ್ಳು ಎಂಬ ಅರ್ಥವೂ ಇದೆ. ‘ಯೀಸ್ಟನ್ನು ಹಿಟ್ಟಿನಲ್ಲಿ ಹುದುಗಿಸಿ’ ಎಂದು ಬರೆದರೆ ಓದುವವರು ಹಿಟ್ಟಿನ ನಡುವೆ ಗುಳಿ ತೋಡಿ ಯೀಸ್ಟನ್ನು ಮುಚ್ಚಿಡುತ್ತಾರೆ. ತಮಾಷೆಯೆಂದರೆ ಹಲವು ಯಂತ್ರಗಳಲ್ಲಿ ಮಾಡಬೇಕಾದದ್ದೂ ಅದನ್ನೇ: ತಳಕ್ಕೆ ನೀರು, ಅದರ ಮೇಲೆ ಹಿಟ್ಟು, ಹಿಟ್ಟಿನಲ್ಲೊಂದು ಗುಳಿ, ಗುಳಿಯಲ್ಲಿ ಯೀಸ್ಟ್.

ಯೀಸ್ಟಿಗೆ ‘ಕಿಣ್ವ’ ಎಂದು ಬರೆಯುವವರೂ ಇದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯಕ್ಕೆ ಬೆರೆಸುವ ವಸ್ತುವಿಗೆ ಆ ಹೆಸರಿದೆ, ಹಾಗಾಗಿ ಪದದ ಕುಲಗೋತ್ರಗಳಿಗೇನೂ ಕೊರತೆಯಿಲ್ಲ. ಆದರೆ ಇಂದಿನ ಕನ್ನಡದಲ್ಲಿ ಕಿಣ್ವ ಎಂದರೆ ಎನ್ಜೈಮ್. ಗೋಧಿ ಹಿಟ್ಟಿನಲ್ಲೇ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳಿವೆ. ಆ ಸಕ್ಕರೆಯನ್ನು ತಿಂದು ಅನಿಲ ಬಿಡುವುದು ಯೀಸ್ಟ್. ಇಬ್ಬರಿಗೂ ಒಂದೇ ಹೆಸರಿಟ್ಟರೆ ವಿವರಿಸುವ ದಾರಿಯೇ ಮುಚ್ಚುತ್ತದೆ. ನಾನು ಯೀಸ್ಟ್ ಎಂದೇ ಬರೆಯುತ್ತೇನೆ. ಅಂಗಡಿಯಲ್ಲೂ ಹಾಗೆಯೇ ಕೇಳುತ್ತಾರೆ.

ಉಳಿದದ್ದು ‘ಉಬ್ಬು’. ನನ್ನ ಒಲವು ಇದರತ್ತಲೇ. ಒಂದು ಆತಂಕವಿದೆ: ಚಪಾತಿ, ಪೂರಿಗಳೂ ಉಬ್ಬುತ್ತವೆ, ಆದರೆ ಅವು ಬೆಂಕಿಯ ಬಿಸಿಗೆ ಉಬ್ಬುವಂಥವು. ಬ್ರೆಡ್ ಎರಡು ಸಲ ಹಿಗ್ಗುತ್ತದೆ. ಒಮ್ಮೆ ಬೆಚ್ಚಗಿನ ಪಾತ್ರೆಯಲ್ಲಿ ನಿಧಾನಕ್ಕೆ, ಮತ್ತೊಮ್ಮೆ ಬೇಯಲು ಶುರುವಾದ ಮೊದಲ ಕೆಲವು ನಿಮಿಷಗಳಲ್ಲಿ ದಿಢೀರನೆ. ಸುಮಾರು 60 ಡಿಗ್ರಿ ಸೆಲ್ಸಿಯಸ್ ಹತ್ತಿರ ಯೀಸ್ಟ್ ಸಾಯುವವರೆಗೂ ಅದರ ಆಟ. ಈ ಎರಡನೆಯದಕ್ಕೆ ‘ಅರಳು’ ಎಂದರೆ ಹೇಗೆ? ಭತ್ತ, ಜೋಳ ಬಿಸಿಗೆ ಸಿಡಿದು ಹಿಗ್ಗಿದರೆ ನಾವು ಅರಳು ಎನ್ನುತ್ತೇವೆ. ‘ಮುಕ್ಕಾಲು ಭಾಗ ಉಬ್ಬಿರಲಿ, ಉಳಿದದ್ದು ಬಿಸಿಗೆ ಅರಳುತ್ತದೆ’ ಎಂದು ಬರೆದರೆ ಮೂಸಿ ನೋಡುವ ತೊಂದರೆ ತಪ್ಪುತ್ತದೆ ಎಂದುಕೊಂಡಿದ್ದೇನೆ. ಕೃತಕವೆನಿಸಿದರೆ ಮುಲಾಜಿಲ್ಲದೆ ಹೇಳಿ.

ಎರಡನೆಯ ತೊಡಕು ‘ಹಿಟ್ಟು’. ಗಿರಣಿಯಿಂದ ಬಂದ ಪುಡಿಯೂ ಹಿಟ್ಟು, ನೀರು ಬೆರೆಸಿ ನಾದಿದ್ದೂ ಹಿಟ್ಟು, ಸೌಟಿನಿಂದ ಹೊಯ್ಯುವಂಥದ್ದೂ ಹಿಟ್ಟು. ‘ಹಿಟ್ಟು ಗಟ್ಟಿಯಾದರೆ ನೀರು ಸೇರಿಸಿ’ ಎಂಬಲ್ಲಿ ಗೊಂದಲವಿಲ್ಲ, ‘ಹಿಟ್ಟನ್ನು ತೂಗಿ’ ಎಂಬಲ್ಲಿ ಇದೆ. ಹೋಳಿಗೆಯವರ ‘ಕಣಕ’ ಇಲ್ಲಿ ನೆರವಿಗೆ ಬರಬಹುದೇ? ಪುಡಿ ಹಿಟ್ಟು, ನಾದಿದ ಮೇಲೆ ಕಣಕ. ಧಾರವಾಡದವರಿಗೆ ಇದು ಮನೆಮಾತು. ಹದ ಹೇಳಲೂ ಅನುಕೂಲ: ಬ್ರೆಡ್ಡಿನ ಕಣಕ ಚಪಾತಿಯದಕ್ಕಿಂತ ಮೆತ್ತಗೆ, ಹೋಳಿಗೆಯದಕ್ಕಿಂತ ಬಿಗಿ. ಹೊಸಬರ ಬ್ರೆಡ್ ಗಟ್ಟಿಯಾಗುವುದು ಬಹುತೇಕ ಚಪಾತಿ ಹದಕ್ಕೇ ನೀರು ನಿಲ್ಲಿಸುವುದರಿಂದ. ಮೈದಾ 500 ಗ್ರಾಂ ಇದ್ದರೆ 300 ಗ್ರಾಂ ನೀರು ಹಿಡಿಯುತ್ತದೆ. ಚಕ್ಕಿಯಲ್ಲಿ ಬೀಸಿದ ಗೋಧಿ ಹಿಟ್ಟು 350 ಗ್ರಾಂ ಕುಡಿದೂ ಇನ್ನೂ ಬೇಕೆನ್ನುತ್ತದೆ. ತಿರುಗಲು ಶುರುವಾಗಿ ಐದಾರು ನಿಮಿಷವಾದ ಮೇಲೆ ಮುಚ್ಚಳ ತೆರೆದು ನೋಡಬೇಕು. ಕಣಕ ಒಂದೇ ಉಂಡೆಯಾಗಿ ಪಾತ್ರೆಯ ಗೋಡೆಯನ್ನು ಒರೆಸಿಕೊಂಡು ತಿರುಗುತ್ತಿದ್ದರೆ ಹದ ಬಂತು. ಉಂಡೆ ಒರಟಾಗಿ ಕುಣಿಯುತ್ತಿದ್ದರೆ ಒಂದು ಚಮಚ ನೀರು, ತಳಕ್ಕೆ ಮೆತ್ತಿಕೊಂಡಿದ್ದರೆ ಒಂದು ಚಮಚ ಹಿಟ್ಟು.

‘ಕಲಸು’, ‘ನಾದು’, ‘ಮಿದಿ’ಗಳಲ್ಲಿ ನಾನು ಈಗಾಗಲೇ ಗೆರೆ ಎಳೆದಿದ್ದೇನೆ: ಮೊದಲ ಕೆಲವು ನಿಮಿಷ ಯಂತ್ರ ಕಲಸುತ್ತದೆ, ಆಮೇಲೆ ನಾದುತ್ತದೆ. ಮಿದಿಯುವುದು ಕುಂಬಾರನ ಮಣ್ಣಿಗಿರಲಿ ಎಂದು ಬಿಟ್ಟಿದ್ದೇನೆ, ಹಳೇ ಮೈಸೂರಿನವರು ಕ್ಷಮಿಸಬೇಕು. ಅಂದಹಾಗೆ ಈ ಯಂತ್ರದ ಹುಟ್ಟಿನಲ್ಲೂ ಪದದ ಕಥೆಯೊಂದಿದೆ. 1980ರ ದಶಕದಲ್ಲಿ ಜಪಾನಿನ ಮತ್ಸುಶಿತಾ ಕಂಪನಿಯವರ ಯಂತ್ರ ಎಷ್ಟು ನಾದಿದರೂ ಬ್ರೆಡ್ ಹದಕ್ಕೆ ಬರುತ್ತಿರಲಿಲ್ಲ. ಇಕುಕೊ ತನಕಾ ಎಂಬ ಉದ್ಯೋಗಿ ಒಸಾಕಾದ ಹೋಟೆಲೊಂದರ ಬ್ರೆಡ್ ಬಾಣಸಿಗನ ಬಳಿ ನಿಂತು ಕಲಿತು, ಅವನ ಕೈಚಳಕವನ್ನು ‘ತಿರುಚಿ ಎಳೆಯುವುದು’ ಎಂಬರ್ಥದ ಮಾತಿನಲ್ಲಿ ಎಂಜಿನಿಯರುಗಳಿಗೆ ಹೇಳಿದಳು. ಅದರಿಂದ ಪಾತ್ರೆಯ ಒಳಗೋಡೆಗೆ ಏಣುಗಳು ಬಂದವು. ಯಂತ್ರ 1987ರಲ್ಲಿ ಮಾರುಕಟ್ಟೆಗೆ ಬಂತು.

‘ನೆನೆ’ಗೆ ಚರ್ಚೆಯೇ ಬೇಡ. ಕಣಕ ನೆನೆಯಬೇಕು ಎಂದರೆ ಹೋಳಿಗೆ ಮಾಡುವ ಯಾರಿಗಾದರೂ ಅರ್ಥವಾಗುತ್ತದೆ. ಗೋಧಿ ಹಿಟ್ಟಿನ ಬ್ರೆಡ್ಡಿಗೆ ಇದೇ ಒಳ್ಳೆಯ ಉಪಾಯ: ಹಿಟ್ಟು, ನೀರು ಮಾತ್ರ ಕಲಸಿ, ಯಂತ್ರ ನಿಲ್ಲಿಸಿ, ಅರ್ಧ ಗಂಟೆ ನೆನೆಯಲು ಬಿಟ್ಟು, ಆಮೇಲೆ ಉಪ್ಪು, ಯೀಸ್ಟ್ ಹಾಕಿ ಮೊದಲಿಂದ ಶುರು ಮಾಡುವುದು. ತವುಡು ನೀರು ಕುಡಿದು ಮೆತ್ತಗಾಗಿ ಬ್ರೆಡ್ ಹಗುರವಾಗುತ್ತದೆ.

ಗೋಧಿಯ ಕಣಕಕ್ಕೆ ಎಳೆತ ಕೊಡುವ ಪ್ರೋಟೀನಾದ ಗ್ಲುಟೆನ್ನಿಗೆ ‘ಜಿಗಿ’ ಎನ್ನುವ ಆಸೆಯಿದೆ. ಹಳೆಯ ಜೋಳದ ಹಿಟ್ಟಿನಲ್ಲಿ ರೊಟ್ಟಿ ಹರಿದರೆ ನಮ್ಮ ಕಡೆ ‘ಜಿಗಿ ಹೋಗಿದೆ’ ಎನ್ನುತ್ತಾರೆ. ಜೋಳದಲ್ಲಿ ಗ್ಲುಟೆನ್ ಇಲ್ಲವೇ ಇಲ್ಲ, ಎಸರಿನ ಬಿಸಿಗೆ ಪಿಷ್ಟ ಅಂಟಾಗುವುದೇ ಅಲ್ಲಿಯ ಜಿಗಿ. ಬೇರೆ ವಸ್ತು, ಕೈಗೆ ಸಿಗುವ ಗುಣ ಒಂದೇ. ಒಪ್ಪಬಹುದೇ?

ಹಾಸನದ ಕಡೆಯ ಅಯ್ಯಂಗಾರ್ ಬೇಕರಿ ಮನೆತನದವರು ಇಲ್ಲಿ ಯಾರಾದರೂ ಇದ್ದರೆ, ಒಳಮನೆಯಲ್ಲಿ ಈ ಹಂತಗಳಿಗೆ ಏನೆನ್ನುತ್ತಾರೆ ತಿಳಿಸಿ. ಕಳ್ಳು ಹಾಕಿ ‘ಸಣ್ಣ’ ಎಂಬ ಇಡ್ಲಿಯಂಥ ತಿಂಡಿ ಮಾಡುವ ಮಂಗಳೂರಿನವರ ಮಾತೂ ಬೇಕು. ಬ್ರೆಡ್ಡಿನ ಕಂದು ಹೊರಮೈಗೆ ‘ಅಂಚು’ ಎಂದು ಬರೆದಿದ್ದೇನೆ, ಮನೆಗಳಲ್ಲಿ ಮಕ್ಕಳಿಗೆ ಕತ್ತರಿಸಿ ಕೊಡುವಾಗ ಹಾಗೆನ್ನುವುದು ಕೇಳಿದ್ದೇನೆ. ರಂಧ್ರಗಳಿರುವ ಬಿಳಿಯ ಒಳಭಾಗಕ್ಕೆ ಮಾತ್ರ ‘ತಿರುಳು’ ಬಿಟ್ಟರೆ ಏನೂ ಹೊಳೆಯುತ್ತಿಲ್ಲ, ಹಲಸು ಕುಂಬಳಗಳ ನೆನಪಾಗಿ ಅದೂ ಸಮಾಧಾನ ತರುತ್ತಿಲ್ಲ.