ಪದ ಬೇಕು: ದೂರದರ್ಶಕದ 'ಕೇಬಲ್ ಮ್ಯಾನೇಜ್‌ಮೆಂಟ್' (ನಾಳೆ ಪ್ರೆಸ್‌ಗೆ ಹೋಗಬೇಕು)

ಹುಬ್ಬಳ್ಳಿಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನ ಒಂದು ಹಾಳೆ ಪ್ರೆಸ್‌ಗೆ ಹೋಗಬೇಕು. ತಲೆಬರಹಕ್ಕೇ ಪದ ಸಿಗದೆ ನಿಂತಿದೆ.

ಅಮಾವಾಸ್ಯೆ ಹತ್ತಿರದ ಶನಿವಾರ ನಾವು ನಾಲ್ಕೈದು ಮಂದಿ ಊರ ಬೆಳಕು ಬಿಟ್ಟು ಕಲಘಟಗಿ ಕಡೆ ಹೋಗಿ ಆಕಾಶದ ಫೋಟೋ ತೆಗೆಯುತ್ತೇವೆ. ಈ ಸಲ ಶಾಲೆ ಮಕ್ಕಳೂ ಬರುತ್ತಿದ್ದಾರೆ. ಅವರಿಗೆ ಕೊಡಲು ಒಂದು ಪುಟದ ಸೂಚನೆ ಬರೆದೆ. 'ಕೇಬಲ್ ನಿರ್ವಹಣೆ' ಅಂತ ಹಾಕಿದರೆ ಸರ್ಕಾರಿ ಸುತ್ತೋಲೆ ಓದಿದಂತಾಗುತ್ತದೆ.

ವಿಷಯ ಇಷ್ಟು. ದೂರದರ್ಶಕ ಹೊತ್ತ ಮೌಂಟ್ ನಕ್ಷತ್ರಗಳ ಜೊತೆಗೇ ತಿರುಗುತ್ತದೆ, 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತಿನ ಲೆಕ್ಕದಲ್ಲಿ. ಕ್ಯಾಮೆರಾಕ್ಕೆ ಒಂದು ಯುಎಸ್‌ಬಿ, ಮೌಂಟ್ ದಾರಿ ತಪ್ಪದಂತೆ ನಕ್ಷತ್ರ ನೋಡುತ್ತಿರುವ ಗೈಡ್ ಕ್ಯಾಮೆರಾಕ್ಕೆ ಇನ್ನೊಂದು, ಫೋಕಸರ್‌ಗೆ ಮತ್ತೊಂದು. ಗಾಜಿನ ಮೇಲೆ ಇಬ್ಬನಿ ಕೂರದಂತೆ ಹೀಟರ್ ಪಟ್ಟಿ ಕಟ್ಟಿರುತ್ತೇವೆ, ಅದಕ್ಕೊಂದು. ಕ್ಯಾಮೆರಾ ತಂಪು ಮಾಡಲು 12 ವೋಲ್ಟ್‌ನದೊಂದು. ಎಲ್ಲ ಕೆಳಗಿನ ಬ್ಯಾಟರಿ, ಲ್ಯಾಪ್‌ಟಾಪ್‌ವರೆಗೆ ಜೋತಾಡುತ್ತಿರುತ್ತವೆ. ಒಂದು ಟ್ರೈಪಾಡ್ ಕಾಲಿಗೆ ಸಿಕ್ಕಿದರೂ ಸಾಕು, ಚುಕ್ಕಿಯಾಗಿ ಬರಬೇಕಾದ ನಕ್ಷತ್ರ ಅಕ್ಕಿಕಾಳಿನಂತೆ ಬರುತ್ತದೆ. ಹೋದ ಸಲ ಮೌಂಟ್ ಆಚೆ ಮಗ್ಗುಲಿಗೆ ಹೊರಳುವಾಗ ನನ್ನ ಯುಎಸ್‌ಬಿ ಸಾಕೆಟ್ಟೇ ಕಿತ್ತು ಬಂತು.

ಎರಡು ಪದ ಬೇಕು. ಒಂದು, ಈ ಒಟ್ಟು ಕೆಲಸಕ್ಕೆ. ಇನ್ನೊಂದು, ಮೌಂಟ್ ತಿರುಗುವ ಅಚ್ಚಿನ ಹತ್ತಿರ ಬೇಕಂತಲೇ ಸಡಿಲ ಬಿಡುವ ಕೇಬಲಿನ ಸುರುಳಿಗೆ.

ಧಾರವಾಡದಿಂದ:

'ಕೇಬಲ್ ನಿರ್ವಹಣೆ' ಅರಿಸಮಾಸ, ಸಂಸ್ಕೃತಕ್ಕೆ ಬೇರೆ ಭಾಷೆಯ ಪದ ಅಂಟಿಸಿದ್ದು. ಬೇಡ. ತಂತಿ ಅನ್ನುವ ಪದ ಇದೆ. 'ತಂತಿಕಟ್ಟು' ಎಂದು ಬರೆಯಿರಿ. ಮುಗಿಯಿತು.

ಹುಬ್ಬಳ್ಳಿಯಿಂದ, ಇನ್ನೊಬ್ಬರು:

ಮಾಸ್ತರೇ, ಎಲ್ಲಿ ಮುಗಿಯಿತು? ನನ್ನದು ಇಲೆಕ್ಟ್ರಿಕ್ ಸಾಮಾನಿನ ಅಂಗಡಿ. ತಂತಿ ಕೇಳಿದರೆ ಬೇಲಿಗೆ ಹಾಕುವ ತಂತಿ ತಗೊಳ್ಳಲು ಹಾರ್ಡ್‌ವೇರ್ ಅಂಗಡಿಗೆ ಕಳಿಸುತ್ತೇನೆ. ಮೇಲೆ ಪ್ಲಾಸ್ಟಿಕ್ ಇದ್ದರೆ ಅದು ವಾಯರ್. ನಾಲ್ಕೈದು ವಾಯರ್ ಸೇರಿ ಮೇಲೊಂದು ಹೊದಿಕೆ ಇದ್ದರೆ ಕೇಬಲ್. ಗಿರಾಕಿಗೂ ಗೊತ್ತು. ತಂತಿ ನಿಮ್ಮ ಧಾರವಾಡದ ಸಿತಾರಕ್ಕೇ ಇರಲಿ.

ಗದಗದಿಂದ:

ತಂಗೀ, ಹೊಸ ಪದ ಹುಟ್ಟಿಸಬೇಡ. ದನ ಕಟ್ಟುವವರ ಹತ್ತಿರ ಇದೆಲ್ಲ ಇದೆ. ಕೊಟ್ಟಿಗೆಯಲ್ಲಿ ಒಂದು ಉದ್ದನೆಯ ಹಗ್ಗ ಕಟ್ಟಿ ಅದಕ್ಕೆ ಸಾಲಾಗಿ ದನ ಕಟ್ಟುತ್ತಾರೆ. ಆ ದೊಡ್ಡ ಹಗ್ಗ ದಾವಣಿ. ಅದರಿಂದ ಒಂದೊಂದು ದನಕ್ಕೆ ಹೋಗುವ ಗಿಡ್ಡ ಹಗ್ಗ ಕಣ್ಣಿ. ಈಗ ನಿಮ್ಮವರು ದೂರದರ್ಶಕದ ಬೆನ್ನ ಮೇಲೇ ಒಂದು ಹಬ್ (ಹಲವು ಕೇಬಲ್ ಕೂಡುವ ಪೆಟ್ಟಿಗೆ) ಕೂರಿಸಿ, ಅಲ್ಲಿಂದ ಗಿಡ್ಡ ಕೇಬಲ್ ಎಳೆದು, ಕೆಳಗೆ ಬ್ಯಾಟರಿಯ ಒಂದೇ ಕೇಬಲ್ ಬಿಡುತ್ತಾರಲ್ಲ, ಅದು ದಾವಣಿಯೇ ಅಲ್ವಾ? ಕಣ್ಣಿ ಗಿಡ್ಡವಾದರೆ ದನಕ್ಕೆ ಮೇವು ಎಟುಕುವುದಿಲ್ಲ. ಉದ್ದವಾದರೆ ಕಾಲಿಗೆ ತೊಡರುತ್ತದೆ. ನಿಮ್ಮ ಕೇಬಲಿನ ಕಥೆಯೂ ಅದೇ.

ಇನ್ನೊಂದು. ಕಣದ ನಡುವಿನ ಕಂಬವಾದ ಮೇಟಿಯ ಸುತ್ತ ಎತ್ತು ತಿರುಗಿಸಿದವರಿಗೆ ಗೊತ್ತು, ಹಗ್ಗವನ್ನು ಮೇಟಿಗೆ ಬಿಗಿಯಾಗಿ ಗಂಟು ಹಾಕಿದರೆ ನಾಲ್ಕು ಸುತ್ತಿಗೆ ಎತ್ತು ಮೇಟಿಗೇ ಮೂತಿ ಹಚ್ಚುತ್ತದೆ. ಹಗ್ಗ ತಿರುಗುವಂತೆ ಸಡಿಲ ಕುಣಿಕೆ ಹಾಕಬೇಕು. ನೀನು ಕೇಳಿದ ಎರಡನೇ ಪದ ಅದೇ, ಕುಣಿಕೆ. ಭಾಗವತದ ಐದನೇ ಸ್ಕಂಧದಲ್ಲಿ ಧ್ರುವನ ಸುತ್ತ ಗ್ರಹಗಳು ತಿರುಗುವುದನ್ನು ಮೇಟಿಗೆ ಕಟ್ಟಿದ ಎತ್ತುಗಳಿಗೇ ಹೋಲಿಸಿದ್ದಾರೆ. ನಿನ್ನ ಮೌಂಟಿನ ಅಚ್ಚು ನೋಡುವುದೂ ಧ್ರುವದ ಕಡೆಗೇ. ಹಾಗಾಗಿ 'ದಾವಣಿ ಕಟ್ಟುವುದು' ಅಂತ ತಲೆಬರಹ ಕೊಡು. ಅಚ್ಚಗನ್ನಡ. ದಾವಣಗೆರೆಯ ಹೆಸರನ್ನೂ ಕೆಲವರು ಇದೇ ದಾವಣಿಯಿಂದ ಬಿಡಿಸುತ್ತಾರೆ.

ಧಾರವಾಡದಿಂದ:

ಅಚ್ಚಗನ್ನಡ ಅಲ್ಲ. ದಾವಣಿ ಸಂಸ್ಕೃತದ ದಾಮನೀ. ದಾಮ ಅಂದರೆ ಹಗ್ಗ. ಹೊಟ್ಟೆಗೆ ಹಗ್ಗ ಕಟ್ಟಿಸಿಕೊಂಡವನು ದಾಮೋದರ. ದಾವಣಗೆರೆಯನ್ನು ಇಲ್ಲಿಗೆ ಎಳೆಯುವುದು ಬೇಡ.

ಗದಗದಿಂದ:

ನಿಮ್ಮ ತಂತಿ ಎಲ್ಲಿಂದ ಬಂತು ಮಾಸ್ತರೇ? ತಂತ್ರೀ ಅಲ್ವಾ? ನಮ್ಮದಾದರೆ ಸಂಸ್ಕೃತ, ನಿಮ್ಮದಾದರೆ ಕನ್ನಡ. ತತ್ಸಮ ಬೇಡ ಅಂತ ಹಟ ಹಿಡಿದು ಕಬ್ಬಿಗರ ಕಾವ ಬರೆದ ಆಂಡಯ್ಯನೂ ತದ್ಭವಗಳನ್ನು ಬಿಟ್ಟಿರಲಿಲ್ಲ. ಇನ್ನು ಅರಿಸಮಾಸ. ಅದು ಕನ್ನಡಕ್ಕೂ ಸಂಸ್ಕೃತಕ್ಕೂ ಇರುವ ತಕರಾರು. ಕೇಬಲ್ ಎರಡೂ ಅಲ್ಲ. ಹಳೆಗನ್ನಡ ವ್ಯಾಕರಣ ಬರೆದ ಕೇಶಿರಾಜನ ಸೂತ್ರವನ್ನು ಯುಎಸ್‌ಬಿಗೆ ಹಚ್ಚಬೇಡಿ.

ಹಾವೇರಿಯಿಂದ:

ಅಕ್ಕಾ, ನಾನು ಸವಣೂರು ಕಡೆಯವನು. ನಮ್ಮಲ್ಲಿ ಹೊಲ, ಮನೆ, ಮದುವೆ ಎಲ್ಲದಕ್ಕೂ 'ಬಂದೋಬಸ್ತ್ ಮಾಡು' ಅನ್ನುತ್ತಾರೆ. ಪಾರಸಿ ಪದ. ಬಂದ್ ಅಂದರೆ ಕಟ್ಟು, ಬಸ್ತ್ ಅಂದರೆ ಕಟ್ಟಿದ್ದು. ಕಟ್ಟುವುದೂ ಬಂತು, ವ್ಯವಸ್ಥೆಯೂ ಬಂತು. 'ಕೇಬಲ್ ಬಂದೋಬಸ್ತ್' ಅನ್ನಿ. ಮಕ್ಕಳಿಗೆ ಕೂಡಲೇ ತಿಳಿಯುತ್ತದೆ.

ಧಾರವಾಡದಿಂದ:

ಸಂಸ್ಕೃತ ಬೇಡ, ಪಾರಸಿ ಬೇಕು. ಚೆನ್ನಾಗಿದೆ.

ಹಾವೇರಿಯಿಂದ:

ವಿಳಾಸದಲ್ಲಿ ತಾಲೂಕು, ಜಿಲ್ಲೆ ಬರೆಯುವಾಗ ನೀವು ಯಾರನ್ನು ಕೇಳಿ ಬರೆಯುತ್ತೀರಿ ಸರ್? ಅರ್ಜಿಯಲ್ಲಿ ಅರ್ಜಿ ಅಂತ ಬರೆಯುವಾಗ? ಸವಣೂರಿನ ನವಾಬರು ಹೋದರೂ ಪದ ಉಳಿದಿದೆ. ಅದು ನಮ್ಮದು.

ಹುಬ್ಬಳ್ಳಿಯಿಂದ, ಕೇಳಿದವರು:

ಎಲ್ಲರಿಗೂ ಧನ್ಯವಾದ. ಜಗಳ ನಡೆಯಲಿ, ನನಗೆ ಬೇಕಾದ್ದು ಸಿಕ್ಕಿತು. ತಲೆಬರಹ 'ಕೇಬಲ್ ಬಂದೋಬಸ್ತ್' ಅಂತ ಇಟ್ಟೆ. ಒಳಗಿನ ಪಠ್ಯಕ್ಕೆ ಗದಗದ ಅಣ್ಣನವರ ಕುಣಿಕೆ. ಈಗ ಹೀಗಿದೆ: "ಕೇಬಲ್‌ಗಳನ್ನು ವೆಲ್ಕ್ರೋ ಪಟ್ಟಿಯಿಂದ ದೂರದರ್ಶಕದ ಮೈಗೆ ಬಿಗಿಯಾಗಿ ಕಟ್ಟಿ. ಎರಡು ಅಚ್ಚುಗಳು ಕೂಡುವ ಜಾಗದಲ್ಲಿ ಮಾತ್ರ ಸಡಿಲ ಕುಣಿಕೆ ಬಿಡಿ. ಫೋಟೋ ಶುರು ಮಾಡುವ ಮುಂಚೆ, ಬೆಳಕಿದ್ದಾಗಲೇ, ಮೌಂಟನ್ನು ಆಚೆ ಈಚೆ ಪೂರ್ತಿ ತಿರುಗಿಸಿ ನೋಡಿ. ಎಲ್ಲೂ ಜಗ್ಗಬಾರದು."

ದಾವಣಿ ನನಗೆ ತುಂಬಾ ಹಿಡಿಸಿತು. ಆದರೆ ಹುಬ್ಬಳ್ಳಿ ಮಕ್ಕಳಲ್ಲಿ ದಾವಣಿ ನೋಡಿದವರು ಎಷ್ಟು ಮಂದಿ? ಲಂಗ-ದಾವಣಿ ಅಂದುಕೊಳ್ಳುತ್ತಾರೆ. ನೆಲದ ಮೇಲೆ ಇಡುವ ಫಲಕಕ್ಕೆ 'ಕೇಬಲ್ ಇದೆ, ತುಳಿಯಬೇಡಿ' ಸಾಕು. ಕತ್ತಲಲ್ಲಿ ಕೆಂಪು ಟಾರ್ಚ್ ಹಿಡಿದು ಓದಬೇಕು, ಅಲ್ಲಿ ವ್ಯುತ್ಪತ್ತಿ ಯಾರೂ ಕೇಳುವುದಿಲ್ಲ.

ಪ್ರೆಸ್‌ನ ಹುಡುಗ ಮಾತ್ರ ತಲೆಬರಹ ನೋಡಿ, "ಮೇಡಂ, ಪೊಲೀಸರೂ ಬರ್ತಾರಾ?" ಅಂತ ಕೇಳಿದ.

ಧಾರವಾಡದಿಂದ:

ಬಂದೋಬಸ್ತ್ ಅಲ್ಲ, ಬಂದೋಬಸ್ತು. ಕನ್ನಡದಲ್ಲಿ ಕೊನೆಗೆ ಉಕಾರ ಬೇಕು. ಪ್ರೆಸ್‌ಗೆ ಫೋನ್ ಮಾಡಿ.