ಟ್ಯಾಪೆಟ್ ಸೆಟ್ ಮಾಡಿದ ಮೇಲೆ ಎಂಜಿನ್‌ನಲ್ಲಿ ಟಕಟಕ: ಎಲ್ಲಿ ಹುಡುಕಬೇಕು?

ಪ್ರಶ್ನೆ:
ಸರ್, ನನ್ನದು 4 ಸಿಲಿಂಡರ್, 8 ವಾಲ್ವಿನ ಪೆಟ್ರೋಲ್ ಕಾರು. ವಾಲ್ವನ್ನು ಒತ್ತಿ ತೆರೆಯುವ ರಾಕರ್ ಆರ್ಮ್ ಮೇಲೆ ಸ್ಕ್ರೂ, ಲಾಕ್ ನಟ್ ಇರುವ ಟ್ಯಾಪೆಟ್. ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಉರಿಯುವ ಸರದಿ) 1-3-4-2. ಮನೆಯಲ್ಲೇ ಮೂರು ಕೆಲಸ ಮಾಡಿದೆ: ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಬದಲಿಸಿದೆ, ಟ್ಯಾಪೆಟ್ ಸೆಟ್ ಮಾಡಿದೆ (ರಾಕರ್, ವಾಲ್ವ್ ನಡುವಿನ ಗ್ಯಾಪ್ ಸರಿಮಾಡಿದೆ), ನಾಲ್ಕೂ ಸ್ಪಾರ್ಕ್ ಪ್ಲಗ್ ಹೊಸದು ಹಾಕಿದೆ. ಮೊದಲು ಇಲ್ಲದ ಟಕ್ ಟಕ್ ಸದ್ದು ಈಗ ಐಡಲ್‌ನಲ್ಲೇ ಕೇಳುತ್ತಿದೆ, ರೇಸ್ ಕೊಟ್ಟಷ್ಟೂ ಬೇಗ ಬೇಗ ಬಡಿಯುತ್ತದೆ. ಆಯಿಲ್ ಲೈಟ್ ಉರಿಯುತ್ತಿಲ್ಲ. ಗಾಡಿ ಓಡಿಸಬಹುದಾ?

ಉತ್ತರ:
ಸದ್ದು ಎಲ್ಲಿಂದ ಅಂತ ಗೊತ್ತಾಗುವವರೆಗೆ ಓಡಿಸಬೇಡಿ. ಆಯಿಲ್ ಲೈಟ್ ಉರಿಯುತ್ತಿಲ್ಲ ಅನ್ನುವುದನ್ನು ಪೂರ್ತಿ ನಂಬಬೇಡಿ. ಪ್ರೆಶರ್ ತೀರಾ ಬಿದ್ದಾಗ ಮಾತ್ರ ಅದು ಹತ್ತುತ್ತದೆ. ಮಟ್ಟ ನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಆಯಿಲ್ ಎರಡು ಗುರುತುಗಳ ನಡುವೆ ಇದ್ದರೆ ಮುಂದಿನ ಪರೀಕ್ಷೆಗೆ ಹೋಗಿ.

ಮೊದಲು ಸದ್ದಿನ ವೇಗ ನೋಡಬೇಕು. ಐಡಲ್ 900 ಆರ್‌ಪಿಎಂ ಇದ್ದರೆ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಸೆಕೆಂಡಿಗೆ 15 ಸುತ್ತು, ವಾಲ್ವ್ ತೆರೆಸುವ ಕ್ಯಾಮ್ ಅದರ ಅರ್ಧ, ಅಂದರೆ ಏಳೂವರೆ ಸುತ್ತು ತಿರುಗುತ್ತದೆ. ಒಂದೇ ಟ್ಯಾಪೆಟ್ ಬಡಿಯುತ್ತಿದ್ದರೆ ಪೆಟ್ಟುಗಳನ್ನು ಕಿವಿ ಹೆಚ್ಚುಕಡಿಮೆ ಬಿಡಿಬಿಡಿಯಾಗಿ ಹಿಡಿಯುತ್ತದೆ. ಕಾನ್‌ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ರಾಡ್) ಬೇರಿಂಗ್ ಸದ್ದು ಹಾಗಲ್ಲ. ಅದು ಕೆಳಗಿನಿಂದ, ಭಾರವಾಗಿ, ಗುದ್ದಿದ ಹಾಗೆ ಬರುತ್ತದೆ, ರೇಸ್ ಕೊಟ್ಟು ಬಿಟ್ಟಾಗ ಇನ್ನೂ ಜೋರಾಗುತ್ತದೆ.

ಆಮೇಲೆ ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ತುದಿಯನ್ನು ಕವರಿನ ಬೋಲ್ಟುಗಳ ಮೇಲೆ ಒಂದೊಂದಾಗಿ ಇಡಿ. ಫ್ಯಾನ್, ಬೆಲ್ಟ್‌ನಿಂದ ಕೈ, ಬಟ್ಟೆ, ಕೂದಲು ದೂರ ಇರಲಿ. ಯಾವ ಸಿಲಿಂಡರ್ ಮೇಲೆ ಜೋರು ಅಂತ ಬರೆದುಕೊಳ್ಳಿ.

ಕೊನೆಗೆ ಇಂಜೆಕ್ಟರ್ ಕನೆಕ್ಟರ್ ಒಂದೊಂದಾಗಿ ತೆಗೆದು ಕೇಳಿ. ಪ್ಲಗ್‌ಗೆ ಸ್ಪಾರ್ಕ್ ಕೊಡುವ ಕಾಯಿಲ್ ತೆಗೆಯಬೇಡಿ, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ಒಂದು ಸಿಲಿಂಡರ್ ಕೆಲಸ ನಿಲ್ಲಿಸಿದಾಗ ಸದ್ದು ತಗ್ಗಿದರೆ ಬೇರಿಂಗ್ ಮೇಲೆ ಅನುಮಾನ. ಹಾಗೇ ಉಳಿದರೆ ಟ್ಯಾಪೆಟ್ ಕಡೆ ನೋಡಬೇಕು.

ಇನ್ನೊಂದು ವಿಷಯ ತಿಳಿಸಿ: ಟ್ಯಾಪೆಟ್ ಸೆಟ್ ಮಾಡುವಾಗ ಕ್ರ್ಯಾಂಕ್ ಹೇಗೆ ತಿರುಗಿಸಿದಿರಿ, ಯಾವ ಸಿಲಿಂಡರ್ ಯಾವಾಗ ಮಾಡಿದಿರಿ?

ಮರುಪ್ರಶ್ನೆ:
ಆಯಿಲ್ ಸರಿಯಾಗಿದೆ. ಸದ್ದು ಮೇಲಿನಿಂದಲೇ. 2 ಮತ್ತು 4ರ ಮೇಲೆ ಜೋರು, 1 ಮತ್ತು 3 ಶಾಂತ. ಇಂಜೆಕ್ಟರ್ ತೆಗೆದರೂ ಸದ್ದು ಬದಲಾಗಲಿಲ್ಲ. ಎಂಜಿನ್ ಆಫ್ ಮಾಡಿ ಅರ್ಧ ಗಂಟೆ ಬಿಟ್ಟು ಸೆಟ್ ಮಾಡಿದ್ದು. ಪುಲ್ಲಿ ಗುರುತು ಕೂಡಿಸಿದಾಗ 1 ಮತ್ತು 4ರ ಪಿಸ್ಟನ್ ಎರಡೂ ಮೇಲಿರುತ್ತವಲ್ಲ, ಹಾಗಾಗಿ ಅವೆರಡನ್ನೂ ಒಟ್ಟಿಗೆ ಮಾಡಿದೆ. ಅರ್ಧ ಸುತ್ತು ತಿರುಗಿಸಿ 2 ಮತ್ತು 3 ಮಾಡಿದೆ. ಮ್ಯಾನ್ಯುಯಲ್ ಪ್ರಕಾರ ತಣ್ಣಗಿರುವಾಗ ಇನ್‌ಲೆಟ್ 0.15, ಎಕ್ಸಾಸ್ಟ್ 0.20 ಮಿ.ಮೀ.

ಉತ್ತರ:
ತಪ್ಪು ಆಗಿರುವುದು ಅಲ್ಲೇ. ಪಿಸ್ಟನ್ ಮೇಲಿದ್ದರೆ ಸಾಲದು, ಎರಡೂ ವಾಲ್ವ್ ಮುಚ್ಚಿರಬೇಕು. 1ನೇ ಸಿಲಿಂಡರ್ ಕಂಪ್ರೆಶನ್ ಮುಗಿಸಿ ಮೇಲೆ ಬಂದಾಗ 4ನೆಯದೂ ಮೇಲಿರುತ್ತದೆ, ಆದರೆ ಅದು ಎಕ್ಸಾಸ್ಟ್ ಮುಗಿಸಿ ಇನ್‌ಲೆಟ್ ಶುರು ಮಾಡುವ ಹೊತ್ತು. ಎರಡೂ ವಾಲ್ವ್ ಸ್ವಲ್ಪ ಸ್ವಲ್ಪ ತೆರೆದಿರುತ್ತವೆ. ಆಗ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹೋಗುವುದಿಲ್ಲ, ಹೋಗಲಿ ಅಂತ ಸ್ಕ್ರೂ ಸಡಿಲಿಸುತ್ತೀರಿ. ಕ್ಯಾಮ್ ತಿರುಗಿ ಅದರ ದುಂಡು ಭಾಗ ಬಂದಾಗ, ಅದು ಎತ್ತಿ ಹಿಡಿದಿದ್ದಷ್ಟೂ ಅಂತರ ಗ್ಯಾಪ್‌ಗೆ ಸೇರಿಕೊಳ್ಳುತ್ತದೆ. 3 ಸರಿಯಾಗಿ ಬಂದಾಗ 2ರದ್ದೂ ಇದೇ ಕಥೆ. ನಿಮ್ಮ ಕಿವಿ ಹೇಳಿದ್ದು 2 ಮತ್ತು 4, ಲೆಕ್ಕವೂ ಅದನ್ನೇ ಹೇಳುತ್ತದೆ.

ಗ್ಯಾಪ್ ಹೆಚ್ಚಾದರೆ ಸದ್ದು ಯಾಕೆ ಅಂದರೆ, ಕ್ಯಾಮ್ ಉಬ್ಬಿನ ಬುಡದಲ್ಲಿ ನಿಧಾನವಾಗಿ ಏರುವ ಇಳಿಜಾರಿನ ಭಾಗ ಇದೆ. ಇದ್ದಷ್ಟು ಗ್ಯಾಪನ್ನು ಮೆಲ್ಲಗೆ ತುಂಬಿಕೊಳ್ಳಲಿ ಅಂತಲೇ ಅದು. ಗ್ಯಾಪ್ ಜಾಸ್ತಿಯಾದರೆ ಅಲ್ಲಿ ರಾಕರ್ ತಾಗುವುದೇ ಇಲ್ಲ, ಕಡಿದಾದ ಭಾಗ ಬಂದು ನೇರ ಗುದ್ದುತ್ತದೆ. ವಾಲ್ವ್ ತಡವಾಗಿ ತೆರೆದು ಬೇಗ ಮುಚ್ಚಿ, ತಾನು ಕೂರುವ ಸೀಟಿಗೂ ಬಡಿಯುತ್ತದೆ.

ಎಂಜಿನ್ ರಾತ್ರಿಯಿಡೀ ತಣ್ಣಗಾಗಲಿ. ಬ್ಯಾಟರಿಯ ಮೈನಸ್ ತೆಗೆದು, ಗೇರ್ ನ್ಯೂಟ್ರಲ್‌ಗೆ ಹಾಕಿ, ಪ್ಲಗ್‌ಗಳನ್ನು ಬಿಚ್ಚಿ. ಆಗ ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿದರೆ ಸುಲಭವಾಗಿ ತಿರುಗುತ್ತದೆ. ಎಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ. ಬಿಚ್ಚಿದ ಪ್ಲಗ್ ರಂಧ್ರದ ಮೇಲೆ ಬಟ್ಟೆ ಇರಲಿ, ನಟ್ ಒಳಗೆ ಬಿದ್ದರೆ ಇದಕ್ಕಿಂತ ದೊಡ್ಡ ಸದ್ದು ಕೇಳಬೇಕಾಗುತ್ತದೆ.

ಗುರುತು ನೋಡುವ ಬದಲು ರಾಕರ್ ನೋಡಿ. 4ರ ಎಕ್ಸಾಸ್ಟ್ ಮುಚ್ಚುತ್ತಾ ಇನ್‌ಲೆಟ್ ತೆರೆಯಲು ಶುರುವಾದ ಹೊತ್ತಿಗೆ ನಿಲ್ಲಿಸಿ 1 ಸೆಟ್ ಮಾಡಿ. ಅರ್ಧ ಸುತ್ತಿಗೆ 2 ಹಾಗೆ ಆಡುತ್ತದೆ, ಆಗ 3. ಮತ್ತೆ ಅರ್ಧ ಸುತ್ತಿಗೆ 1 ಆಡುತ್ತದೆ, ಆಗ 4. ಕೊನೆಗೆ 3 ಆಡುವಾಗ 2. ಆಡುವುದರ ಸಂಖ್ಯೆ, ಸೆಟ್ ಮಾಡುವುದರ ಸಂಖ್ಯೆ ಕೂಡಿಸಿದರೆ ಪ್ರತಿ ಸಲವೂ 5 ಬರಬೇಕು.

ಏನನ್ನೂ ಸಡಿಲಿಸುವ ಮೊದಲು ಎಂಟೂ ಗ್ಯಾಪ್ ಅಳೆದು ಬರೆಯಿರಿ. 2 ಮತ್ತು 4ರಲ್ಲಿ ಗ್ಯಾಪ್ ಸರಿಯಾಗಿಯೇ ಇದ್ದರೆ ನನ್ನ ಊಹೆ ತಪ್ಪು, ಬೇರೆ ಕಡೆ ಹುಡುಕಬೇಕು.

ಗೇಜ್ ಸ್ವಲ್ಪ ಹಿಡಿದು ಜಾರಬೇಕು, ಒಂದು ದಪ್ಪ ಮೇಲಿನದು ಹೋಗಬಾರದು. ಸ್ಕ್ರೂವನ್ನು ಡ್ರೈವರಿನಲ್ಲಿ ಅಲುಗದಂತೆ ಹಿಡಿದೇ ಲಾಕ್ ನಟ್ ಬಿಗಿ ಮಾಡಿ. ಸ್ಕ್ರೂ ಪಿಚ್ 0.75 ಮಿ.ಮೀ. ಇದ್ದರೆ, ಹತ್ತರಲ್ಲಿ ಒಂದು ಸುತ್ತು ಜಾರಿದರೂ 0.075 ಮಿ.ಮೀ. ತಪ್ಪುತ್ತದೆ. ಬಿಗಿ ಮಾಡಿದ ಮೇಲೆ ಮತ್ತೆ ಅಳೆಯಲೇಬೇಕು. ಸ್ಕ್ರೂ ತುದಿ ಸವೆದು ಗುಳಿ ಬಿದ್ದಿದ್ದರೆ ಚಪ್ಪಟೆ ಗೇಜ್ ಆ ಗುಳಿಯನ್ನು ದಾಟಿ ನಿಲ್ಲುತ್ತದೆ, ನಿಜವಾದ ಗ್ಯಾಪ್ ಅದಕ್ಕಿಂತ ಹೆಚ್ಚಿರುತ್ತದೆ. ಅಂಥ ಸ್ಕ್ರೂ ಬದಲಿಸಿ.

ಮತ್ತೊಬ್ಬರ ಉತ್ತರ:
ಪ್ಲಗ್‌ಗಳ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪ್ಲಗ್ ಸಡಿಲವಿದ್ದರೆ ಗ್ಯಾಸ್ ಚಫ್ ಚಫ್ ಅಂತ ಹೊರಬರುತ್ತದೆ, ದೂರದಿಂದ ಅದೂ ಟ್ಯಾಪೆಟ್ ಹಾಗೇ ಕೇಳುತ್ತದೆ. ಬಿಚ್ಚಿದಾಗ ಪಿಂಗಾಣಿಯ ಬುಡದಲ್ಲಿ, ಲೋಹದ ಮೇಲೆ ಕಪ್ಪು ಗೆರೆಗಳಿವೆಯಾ ನೋಡಿ. ವಾಷರ್ ಇರುವ 14 ಮಿ.ಮೀ. ಪ್ಲಗ್ಗಿಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ ಸುಮಾರು 25 ನ್ಯೂಟನ್ ಮೀಟರ್ ಸಾಕು. ಟಾರ್ಕ್ ರೆಂಚ್ ಇಲ್ಲದಿದ್ದರೆ ಕೈಯಲ್ಲಿ ಕೂತ ಮೇಲೆ ಹೊಸ ಪ್ಲಗ್ ಅರ್ಧದಿಂದ ಮೂರನೇ ಎರಡು ಸುತ್ತು. ನಿಮ್ಮದರ ವಾಷರ್ ಈಗಾಗಲೇ ಒತ್ತಿಹೋಗಿದೆ, ಮತ್ತೆ ಹಾಕುವಾಗ ಹನ್ನೆರಡನೇ ಒಂದು ಸುತ್ತಿಗಿಂತ ಹೆಚ್ಚು ಬೇಡ. ಎಂಜಿನ್ ತಣ್ಣಗಿದ್ದಾಗಲೇ ಹಾಕಿ, ಬಿಸಿಯಲ್ಲಿ ಥ್ರೆಡ್ ಕಿತ್ತು ಬರಬಹುದು.

ಮರುಪ್ರಶ್ನೆ:
ತಣ್ಣಗೆ ಅಳೆದೆ. 1ರಲ್ಲಿ ಇನ್‌ಲೆಟ್, ಎಕ್ಸಾಸ್ಟ್ ಕ್ರಮದಲ್ಲಿ 0.15, 0.20. 2ರಲ್ಲಿ 0.40, 0.50. 4ರಲ್ಲಿ 0.40, 0.45. 3ರ ಇನ್‌ಲೆಟ್ 0.15, ಎಕ್ಸಾಸ್ಟ್ ಮಾತ್ರ 0.10. ಪ್ಲಗ್‌ಗಳಲ್ಲಿ ಕಪ್ಪು ಗೆರೆ ಇಲ್ಲ. 3ರಲ್ಲಿ ಸದ್ದೇ ಇಲ್ಲವಲ್ಲ, ಅದನ್ನು ಹಾಗೇ ಬಿಡಲಾ?

ಉತ್ತರ:
ಬಿಡಬೇಡಿ. ನಿಮ್ಮ ಎಂಟರಲ್ಲಿ ನನಗೆ ಹೆಚ್ಚು ಭಯ ಇರುವುದು ಅದರದ್ದೇ. ಸಡಿಲ ಟ್ಯಾಪೆಟ್ ಕೂಗಿ ಹೇಳುತ್ತದೆ, ಬಿಗಿ ಟ್ಯಾಪೆಟ್ ಸುಮ್ಮನಿದ್ದು ವಾಲ್ವ್ ಸುಡುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಇಳಿಸಿಕೊಳ್ಳುವುದು ಸೀಟಿಗೆ ಅಂಟಿ ಕೂತಿರುವ ಅಷ್ಟು ಹೊತ್ತಿನಲ್ಲಿ. ಬಿಸಿಗೆ ಉದ್ದವಾದಾಗ ಗ್ಯಾಪ್ ಉಳಿಯದಿದ್ದರೆ ಅದು ಪೂರ್ತಿ ಮುಚ್ಚುವುದಿಲ್ಲ, ಸಂದಿಯಲ್ಲಿ ಬೆಂಕಿ ನುಗ್ಗಿ ಅಂಚು ಸುಟ್ಟುಹೋಗುತ್ತದೆ. ಆಮೇಲೆ ಹೆಡ್ ಇಳಿಸುವುದೇ ದಾರಿ. ಲಾಕ್ ನಟ್ ಬಿಗಿಯುವಾಗ ಸ್ಕ್ರೂ ತಿರುಗಿದ್ದೇ ಕಾರಣ ಇರಬೇಕು. 0.20ಕ್ಕೆ ತನ್ನಿ.

ಎಲ್ಲ ಸೆಟ್ ಆದ ಮೇಲೆ ಕ್ರ್ಯಾಂಕ್ ಎರಡು ಪೂರ್ತಿ ಸುತ್ತು ತಿರುಗಿಸಿ ಎಂಟನ್ನೂ ಇನ್ನೊಮ್ಮೆ ಅಳೆಯಿರಿ. ಕವರ್ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಮ್ಯಾನ್ಯುಯಲ್ ಹೇಳಿದಷ್ಟೇ, ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್. ಜಾಸ್ತಿ ಬಿಗಿದರೆ ಗ್ಯಾಸ್ಕೆಟ್ ಜಜ್ಜಿ ಆಯಿಲ್ ಸೋರುತ್ತದೆ. ಕವರಿನ ಬ್ರೀದರ್ ಪೈಪ್ ವಾಪಸ್ ಸಿಕ್ಕಿಸಲು ಮರೆಯಬೇಡಿ, ಇಲ್ಲದಿದ್ದರೆ ಹಿಸ್ ಅನ್ನುವ ಸದ್ದು, ಐಡಲ್ ಏರುಪೇರು.

ಆಮೇಲೂ ಹೊಲಿಗೆ ಯಂತ್ರದಂತೆ ಸಣ್ಣ, ಸಮನಾದ ಟಿಕ್ ಟಿಕ್ ಇದ್ದರೆ ಸ್ಕ್ರೂಡ್ರೈವರನ್ನು ಇಂಜೆಕ್ಟರ್ ಮೇಲಿಡಿ. ಅಲ್ಲೇ ಸ್ಪಷ್ಟ ಕೇಳಿದರೆ ಅದು ಇಂಜೆಕ್ಟರ್ ಕೆಲಸ ಮಾಡುವ ಸಹಜ ಸದ್ದು. ತಣ್ಣಗಿರುವಾಗ ಟಕಟಕ ಅಂದು ಬಿಸಿಯಾದಂತೆ ಕಡಿಮೆಯಾದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬಳಿ ಮಸಿ ಇದೆಯಾ ಅಂತ ನೋಡಿ.